ಒಂದೇ ಡೋಸ್, ಬೇರೆ ಬೇರೆ ಇಲಿ: ವಿಕಿರಣದ ಕ್ಯಾನ್ಸರ್‌ಗೆ ತುತ್ತಾಗುವ ಗುಣ ಯಾವ ಜೀನ್‌ನಲ್ಲಿದೆ ಎಂದು ಹುಡುಕುವ ಬಗೆ

ಒಂದು ಪಂಜರದಲ್ಲಿ ಬಿಳಿ ಬಾಲ್ಬ್-ಸಿ ಇಲಿಗಳು. ಪಕ್ಕದ ಪಂಜರದಲ್ಲಿ ಕಪ್ಪು ಸಿ57 ಬ್ಲ್ಯಾಕ್ 6 ಇಲಿಗಳು. ಎಲ್ಲವೂ ಹೆಣ್ಣು, ಒಂದೇ ವಯಸ್ಸು, ಒಂದೇ ಆಹಾರ. ಒಂದೇ ದಿನ, ಒಂದೇ ಯಂತ್ರದಲ್ಲಿ, ಒಂದೇ ಪ್ರಮಾಣದ ಗಾಮಾ ವಿಕಿರಣ ಕೊಟ್ಟು ಎರಡು ವರ್ಷ ಸಾಕುತ್ತೀರಿ. ಬಿಳಿ ಇಲಿಗಳಲ್ಲಿ ಸ್ತನದ ಗಡ್ಡೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ, ಕಪ್ಪು ಇಲಿಗಳಲ್ಲಿ ಅಪರೂಪ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅದನ್ನು ಹುಡುಕಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಿಎಚ್‌ಡಿಗೆ ಈಗಷ್ಟೇ ಸೇರಿದವರು, ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಈ ಕ್ಷೇತ್ರದ ಪೇಪರ್‌ಗಳನ್ನು ಓದುವಾಗ ಗೊಂದಲ ಆಗುವವರು, ಎಲ್ಲರಿಗೂ ಉಪಯೋಗ ಆಗಬಹುದು.

ಒಂದು ಮಾತನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. "ಈ ತಳಿ ವಿಕಿರಣಕ್ಕೆ ಸೂಕ್ಷ್ಮ, ಆ ತಳಿ ಗಟ್ಟಿ" ಎಂದು ಸುಮ್ನೆ ಹೇಳುವ ವಾಕ್ಯಕ್ಕೆ ಅರ್ಥವೇ ಇಲ್ಲ. ಯಾವ ಕ್ಯಾನ್ಸರ್‌ಗೆ? ಯಾವ ವಯಸ್ಸಿನಲ್ಲಿ? ಎಷ್ಟು ಡೋಸ್, ಎಷ್ಟು ಕಂತಿನಲ್ಲಿ? ಈ ಮೂರಕ್ಕೂ ಉತ್ತರ ಇಲ್ಲದಿದ್ದರೆ ಮುಂದಿನ ಕೆಲಸವೆಲ್ಲ ನೀರಿನಲ್ಲಿ ಹೋಮ.

ಹೆಜ್ಜೆ 1: ಪ್ರಶ್ನೆಯನ್ನು ಒಂದು ಕ್ಯಾನ್ಸರ್‌ಗೆ ಇಳಿಸಿ

ಬ್ಲ್ಯಾಕ್ 6 ಇಲಿಯನ್ನೇ ತೆಗೆದುಕೊಳ್ಳಿ. ಸ್ತನ ಕ್ಯಾನ್ಸರ್ ವಿಷಯದಲ್ಲಿ ಅದು ಗಟ್ಟಿ. ವಿಕಿರಣದಿಂದ ಬರುವ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ರಕ್ತ ಕ್ಯಾನ್ಸರ್‌ನ ಒಂದು ಬಗೆ, ಅದರ ವಿಷಯದಲ್ಲೂ ಗಟ್ಟಿ. ಇಷ್ಟು ನೋಡಿ "ಬ್ಲ್ಯಾಕ್ 6 ಗಟ್ಟಿ ತಳಿ" ಎಂದು ಬರೆದುಬಿಟ್ಟರೆ ತಪ್ಪಾಗುತ್ತದೆ. ಯಾಕೆಂದರೆ ಅದೇ ಇಲಿಗೆ ಸುಮಾರು 4 ವಾರದ ವಯಸ್ಸಿನಿಂದ ವಾರಕ್ಕೊಮ್ಮೆ 1.7 ಗ್ರೇ (ವಿಕಿರಣದ ಡೋಸ್ ಅಳೆಯುವ ಮಾನ) ಆಸುಪಾಸಿನ ಡೋಸನ್ನು ನಾಲ್ಕು ಸಲ ಕೊಟ್ಟರೆ, ಬಹುಪಾಲು ಇಲಿಗಳಿಗೆ ಕೆಲವೇ ತಿಂಗಳಲ್ಲಿ ಎದೆಯಲ್ಲಿರುವ ಥೈಮಸ್ ಗ್ರಂಥಿಯ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್, ಬರುತ್ತದೆ. ಇದನ್ನು 1950ರ ದಶಕದಲ್ಲಿ ತೋರಿಸಿದವರು ಹೆನ್ರಿ ಕ್ಯಾಪ್ಲನ್. ಸ್ಟ್ಯಾನ್‌ಫರ್ಡ್‌ನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಲೀನಿಯರ್ ಆಕ್ಸಲರೇಟರ್ ಎಂಬ ವಿಕಿರಣ ಯಂತ್ರ ತಂದವರೂ ಅವರೇ. ವಿಕಿರಣದಿಂದ ಕ್ಯಾನ್ಸರ್ ವಾಸಿ ಮಾಡುವ ಕೆಲಸ, ವಿಕಿರಣದಿಂದ ಕ್ಯಾನ್ಸರ್ ಹೇಗೆ ಬರುತ್ತದೆ ಎಂದು ನೋಡುವ ಕೆಲಸ, ಎರಡನ್ನೂ ಒಬ್ಬರೇ ಜೊತೆಜೊತೆಗೆ ಮಾಡಿದ್ದು ನನಗೆ ಈಗಲೂ ದೊಡ್ಡ ವಿಷಯ ಅನಿಸುತ್ತದೆ.

ಮುಖ್ಯವಾದ ಜೋಡಿಗಳು ಹೀಗಿವೆ. ಮೈಲಾಯ್ಡ್ ಲ್ಯುಕೇಮಿಯಾ ನೋಡಬೇಕಾ? ಸಿಬಿಎ ತಳಿ ತೆಗೆದುಕೊಳ್ಳಿ. ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ದಶಕಗಳ ಕಾಲ ಇದರ ಮೇಲೆ ಕೆಲಸ ನಡೆದಿದೆ. ಸುಮಾರು 3 ಗ್ರೇ ಒಂದೇ ಸಲಕ್ಕೆ ಕೊಟ್ಟರೆ ಸರಿಸುಮಾರು ಐದರಲ್ಲೊಂದು ಗಂಡಿಲಿಗೆ ಬರುತ್ತದೆ, ವಿಕಿರಣ ಕೊಡದಿದ್ದರೆ ಬಹುತೇಕ ಬರುವುದೇ ಇಲ್ಲ. ತಾನಾಗಿ ಬರುವುದು ಇಷ್ಟು ಕಡಿಮೆ ಇರುವ ಮಾದರಿ ಸಿಗುವುದು ಅಪರೂಪ, ಅದಕ್ಕೇ ಇದಕ್ಕೆ ಅಷ್ಟು ಬೆಲೆ. ಸಿ3ಎಚ್ ಮತ್ತು ಆರ್‌ಎಫ್‌ಎಂ ತಳಿಗಳಲ್ಲೂ ಇದು ಬರುತ್ತದೆ. ಸ್ತನ ಕ್ಯಾನ್ಸರ್‌ಗೆ ಬಾಲ್ಬ್-ಸಿ ಹೆಣ್ಣಿಲಿ. ಥೈಮಸ್ ಲಿಂಫೋಮಾಗೆ ಬ್ಲ್ಯಾಕ್ 6 ಅಥವಾ ಬಾಲ್ಬ್-ಸಿ, ಎದುರಿಗೆ ಗಟ್ಟಿ ತಳಿಯಾಗಿ ಸಿ3ಎಚ್ ಅಥವಾ ಎಸ್‌ಟಿಎಸ್. ಕಿರುಮೆದುಳಿನಲ್ಲಿ ಹುಟ್ಟುವ ಮೆಡುಲೋಬ್ಲಾಸ್ಟೋಮಾ ಎಂಬ ಗಡ್ಡೆ ಬೇಕಿದ್ದರೆ ಪ್ಯಾಚ್ಡ್-1 ಜೀನ್‌ನ ಒಂದು ಪ್ರತಿ ಕೆಟ್ಟಿರುವ ಇಲಿ.

ಈ ಕೊನೆಯದರಲ್ಲಿ ವಯಸ್ಸಿನ ಪಾಠ ಚೆನ್ನಾಗಿ ಸಿಗುತ್ತದೆ. ರೋಮ್ ಹತ್ತಿರದ ಕಸಾಚಿಯಾ ಸಂಶೋಧನಾ ಕೇಂದ್ರದವರು ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಈ ಮರಿಗಳಿಗೆ 3 ಗ್ರೇ ಕೊಟ್ಟಾಗ ಅರ್ಧದಷ್ಟು ಮರಿಗಳಿಗೆ, ಕೆಲವು ಗುಂಪುಗಳಲ್ಲಿ ಅದಕ್ಕೂ ಜಾಸ್ತಿ ಮರಿಗಳಿಗೆ, ಮೆದುಳಿನ ಗಡ್ಡೆ ಬಂತು. ಹತ್ತನೇ ದಿನ ಕೊಟ್ಟರೆ ಆ ಹೆಚ್ಚಳ ಕಾಣಲೇ ಇಲ್ಲ. ಜೀನ್ ಅದೇ, ಡೋಸ್ ಅದೇ, ನಡುವೆ ಕಳೆದದ್ದು ಒಂದು ವಾರ ಅಷ್ಟೇ. ಕಿರುಮೆದುಳಿನ ಮೂಲಕೋಶಗಳು ಭರದಿಂದ ಒಡೆದು ಬೆಳೆಯುವ ಕಾಲ ಮುಗಿಯುತ್ತಾ ಬಂದಂತೆ ಅಪಾಯವೂ ಇಳಿಯಿತು.

ಹೆಜ್ಜೆ 2: ತಳಿಯ ಪೂರ್ತಿ ಹೆಸರು ಬರೆದುಕೊಳ್ಳಿ

"ಬ್ಲ್ಯಾಕ್ 6" ಎಂದರೆ ಸಾಲದು. ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯ ಜೆ ಉಪತಳಿಯೋ, 1951ರಲ್ಲಿ ಅಲ್ಲಿಂದ ಬೇರೆಯಾಗಿ ಬೆಳೆದ ಎನ್ ಉಪತಳಿಯೋ? ಜೆ ಉಪತಳಿಯಲ್ಲಿ ಎನ್‌ಎನ್‌ಟಿ ಎಂಬ ಜೀನ್‌ನ ತುಂಡೊಂದು ಬಿದ್ದುಹೋಗಿದೆ, ಅದು ಕೋಶದೊಳಗಿನ ಆಕ್ಸಿಡೀಕರಣದ ಒತ್ತಡ ನಿಭಾಯಿಸುವ ಜೀನ್. ವಿಕಿರಣ ಮಾಡುವ ಹಾನಿಯಲ್ಲಿ ಆಕ್ಸಿಡೀಕರಣಕ್ಕೆ ಎಷ್ಟು ಪಾಲಿದೆ ಎಂದು ನಿಮಗೇ ಗೊತ್ತು. ಎನ್ ಉಪತಳಿಯಲ್ಲಿ ಬೇರೆ ದೋಷ, ಕಣ್ಣಿನ ಪರದೆ ಕೆಡಿಸುವ ಬದಲಾವಣೆ. ಅದೇ ರೀತಿ ಸಿಬಿಎ-ಜೆ ಇಲಿ ಎಳವೆಯಲ್ಲೇ ಕುರುಡಾಗುತ್ತದೆ, ಸಿಬಿಎ-ಸಿಎ-ಜೆ ಆಗುವುದಿಲ್ಲ. ಒಂದು ಗುಂಪಿಗೆ ಒಂದು ಉಪತಳಿ, ಇನ್ನೊಂದಕ್ಕೆ ಮತ್ತೊಂದು ಬಳಸಿಬಿಟ್ಟರೆ, ಎರಡು ವರ್ಷ ಕಳೆದ ಮೇಲೆ ಕಾಣುವ ವ್ಯತ್ಯಾಸ ಎಲ್ಲಿಂದ ಬಂತು ಎಂದು ಯಾರಿಗೂ ಹೇಳಲು ಆಗುವುದಿಲ್ಲ.

ನಮ್ಮಲ್ಲಿ ಸುಲಭವಾಗಿ ಸಿಗುವುದು ಸ್ವಿಸ್ ಆಲ್ಬಿನೋ ಇಲಿ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ರೇಡಿಯೋಬಯಾಲಜಿ ವಿಭಾಗದಲ್ಲಿ ಪಿ. ಉಮಾದೇವಿ ಮತ್ತು ಅವರ ತಂಡ ತುಳಸಿಯಲ್ಲಿರುವ ಓರಿಯೆಂಟಿನ್, ವಿಸೆನಿನ್ ಎಂಬ ಅಂಶಗಳು ವಿಕಿರಣದಿಂದ ರಕ್ಷಣೆ ಕೊಡುತ್ತವಾ ಎಂದು ನೋಡಿದ್ದು ಸ್ವಿಸ್ ಇಲಿಗಳಲ್ಲೇ. ಆ ಪ್ರಶ್ನೆಗೆ ಅದು ಸರಿಯಾದ ಇಲಿ. ನಮ್ಮ ಪ್ರಶ್ನೆಗೆ ಆಗುವುದಿಲ್ಲ. ಸ್ವಿಸ್ ಇಲಿಗಳು ಒಳಸಂತಾನದ ತಳಿಯಲ್ಲ, ಒಂದೊಂದು ಇಲಿಯ ಜೀನ್ ಸಂಯೋಜನೆಯೂ ಬೇರೆ. ಎರಡು ಗುಂಪು ಇಟ್ಟು ಹೋಲಿಸಿದರೆ ಏನನ್ನು ಹೋಲಿಸುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಇಪ್ಪತ್ತಕ್ಕೂ ಹೆಚ್ಚು ತಲೆಮಾರು ಅಣ್ಣ-ತಂಗಿ ಕೂಡಿಸಿ ತೆಗೆದ ತಳಿಯೇ ಬೇಕು.

ಇಲಿ ಬಂದ ಮೇಲೆ ಕನಿಷ್ಠ ಒಂದು ವಾರ ಸುಮ್ಮನೆ ಬಿಡಿ. ಒಂದೆರಡು ಇಲಿಯ ಬಾಲದ ತುದಿಯಿಂದ ಅಥವಾ ಕಿವಿಯಿಂದ ಡಿಎನ್‌ಎ ತೆಗೆದು ತಳಿ ಖಾತ್ರಿ ಮಾಡಿಕೊಳ್ಳಿ. ಖರ್ಚು ಕಡಿಮೆ, ನೆಮ್ಮದಿ ಜಾಸ್ತಿ.

ಹೆಜ್ಜೆ 3: ಎಷ್ಟು ಇಲಿ ಬೇಕು ಎಂದು ಲೆಕ್ಕ ಹಾಕಿ, ಆಮೇಲೆ ಅನುಮತಿ ಕೇಳಿ

ಜನ ಜಾಸ್ತಿ ಎಡವುವುದು ಇಲ್ಲೇ. ಗುಂಪಿಗೆ 10 ಇಲಿ ಇಟ್ಟು ಕ್ಯಾನ್ಸರ್ ಪ್ರಯೋಗ ಮಾಡುತ್ತಾರೆ. ಲೆಕ್ಕ ನೋಡಿ. ಗಟ್ಟಿ ತಳಿಯಲ್ಲಿ ಶೇ. 5, ಸೂಕ್ಷ್ಮ ತಳಿಯಲ್ಲಿ ಶೇ. 20 ಇಲಿಗಳಿಗೆ ಗಡ್ಡೆ ಬರುತ್ತದೆ ಎಂದುಕೊಳ್ಳಿ. ಈ ವ್ಯತ್ಯಾಸವನ್ನು ಶೇ. 80ರಷ್ಟು ಭರವಸೆಯಿಂದ ಹಿಡಿಯಬೇಕಿದ್ದರೆ ಗುಂಪಿಗೆ ಸುಮಾರು 75 ಇಲಿ ಬೇಕು. ವ್ಯತ್ಯಾಸ ಶೇ. 10 ಮತ್ತು ಶೇ. 15ರ ನಡುವಿನದಾದರೆ ಗುಂಪಿಗೆ 680ಕ್ಕೂ ಮೇಲೆ ಬೇಕಾಗುತ್ತದೆ. ಕಡಿಮೆ ಡೋಸ್‌ನ ಪ್ರಯೋಗಗಳು ಸಾವಿರಗಟ್ಟಲೆ ಇಲಿ ಕೇಳುವುದು ಇದಕ್ಕೇ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಜೇನಸ್ ಕಾರ್ಯಕ್ರಮದಲ್ಲಿ 1970ರಿಂದ 1992ರವರೆಗೆ ಸುಮಾರು 50,000 ಇಲಿಗಳನ್ನು ಬಳಸಿದರು. ಜಪಾನಿನ ರೊಕ್ಕಾಶೊದಲ್ಲಿ ದಿನಕ್ಕೆ 20, 1 ಮತ್ತು 0.05 ಮಿಲಿಗ್ರೇಯಂತೆ 400 ದಿನ ವಿಕಿರಣ ಕೊಟ್ಟ ಪ್ರಯೋಗಕ್ಕೆ 4,000 ಇಲಿ ಬೇಕಾದವು.

ಅಷ್ಟು ಇಲಿ ಸಾಕಲು ಆಗದಿದ್ದರೆ ಪ್ರಯೋಗ ಚಿಕ್ಕದು ಮಾಡಬೇಡಿ, ಪ್ರಶ್ನೆ ಬದಲಿಸಿ. ಉತ್ತರ ಕೊಡಲಾರದ 10 ಇಲಿಯ ಪ್ರಯೋಗ ಆ 10 ಜೀವಗಳನ್ನು ವ್ಯರ್ಥ ಮಾಡಿದ ಹಾಗೆ. ನಾನು ಇದನ್ನು ಮನಸಾರೆ ಹೇಳುತ್ತಿದ್ದೇನೆ. ಗಡ್ಡೆಗಾಗಿ ಎರಡು ವರ್ಷ ಕಾಯುವ ಬದಲು, ವಿಕಿರಣದ ಬಳಿಕ ಕೋಶದ ಡಿಎನ್‌ಎ ರಿಪೇರಿ ಎಷ್ಟು ಬೇಗ ಆಗುತ್ತದೆ, ಕ್ರೋಮೋಸೋಮ್ ಎಷ್ಟು ಮುರಿಯುತ್ತದೆ ಎಂದು ನೋಡುವ ಪ್ರಶ್ನೆಗೆ ಕೆಲವೇ ಇಲಿ ಸಾಕು, ಅದರಲ್ಲೂ ಒಳ್ಳೆಯ ಕೆಲಸ ಆಗುತ್ತದೆ.

ಭಾರತದಲ್ಲಿ ಮಾಡುವುದಾದರೆ ನಿಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಬೇಕು. ವಿಕಿರಣ ಮೂಲಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇರಬೇಕು, ನಡೆಸುವವರಿಗೆ ತರಬೇತಿ ಮತ್ತು ಡೋಸ್ ಬ್ಯಾಡ್ಜ್ ಇರಬೇಕು. ಮೇಲಿನ ಲೆಕ್ಕವನ್ನು ಅರ್ಜಿಯಲ್ಲೇ ಬರೆಯಿರಿ, ಸಮಿತಿಯವರು ಕೇಳುವ ಮೊದಲ ಪ್ರಶ್ನೆ ಅದೇ.

ಹೆಜ್ಜೆ 4: ವಿಕಿರಣ ಕೊಡುವ ದಿನ

ಸೀಸಿಯಂ-137 ಅಥವಾ ಕೋಬಾಲ್ಟ್-60 ಗಾಮಾ ಯಂತ್ರ, ಇಲ್ಲವೇ ಎಕ್ಸ್-ರೇ ಯಂತ್ರ. ಯಾವುದಾದರೂ ಸರಿ, ಆದರೆ ಪ್ರಯೋಗದ ಮಧ್ಯೆ ಬದಲಿಸಬೇಡಿ. ಮೂಲ ದಿನೇ ದಿನೇ ಕ್ಷೀಣಿಸುತ್ತದೆ ಎಂಬುದನ್ನು ಮರೆಯಬೇಡಿ. ಸೀಸಿಯಂ-137ರ ಅರ್ಧಾಯು ಸುಮಾರು 30 ವರ್ಷ, ಎರಡು ವರ್ಷದಲ್ಲಿ ಶೇ. 4.5ರಷ್ಟು ಕಡಿಮೆಯಾಗುತ್ತದೆ. ಕೋಬಾಲ್ಟ್-60ರದ್ದು 5.27 ವರ್ಷ, ಅದು ಅಷ್ಟೇ ಸಮಯದಲ್ಲಿ ಶೇ. 23ರಷ್ಟು ಇಳಿಯುತ್ತದೆ. ಇಲಿಗಳು ಒಂದೇ ದಿನ ಸಿಗುವುದಿಲ್ಲ, ತಿಂಗಳುಗಟ್ಟಲೆ ತಂಡ ತಂಡವಾಗಿ ಬರುತ್ತವೆ. ಹಾಗಾಗಿ ಪ್ರತಿ ತಂಡಕ್ಕೂ ಡೋಸ್ ದರವನ್ನು ಹೊಸದಾಗಿ ಲೆಕ್ಕ ಹಾಕಿ. ಪೆಟ್ಟಿಗೆಯಲ್ಲಿ ಇಲಿ ಕೂರುವ ಜಾಗದಲ್ಲೇ ಡೋಸಿಮೀಟರ್ ಇಟ್ಟು ಅಳೆಯಿರಿ. ನಡುವೆ ಒಂದು ಡೋಸ್, ಮೂಲೆಯಲ್ಲಿ ಇನ್ನೊಂದು ಡೋಸ್ ಬೀಳುವುದು ಮಾಮೂಲು.

ಪ್ರತಿ ತಂಡದಲ್ಲೂ ಎರಡೂ ತಳಿಯ ಇಲಿಗಳಿರಲಿ. ಸೋಮವಾರ ಬಿಳಿ, ಮಂಗಳವಾರ ಕಪ್ಪು ಎಂದು ಮಾಡಿದರೆ ತಳಿಯ ವ್ಯತ್ಯಾಸವೂ ದಿನದ ವ್ಯತ್ಯಾಸವೂ ಕಲಸಿಹೋಗುತ್ತವೆ. ವಿಕಿರಣ ಕೊಡದ ಗುಂಪನ್ನೂ ಅದೇ ಪೆಟ್ಟಿಗೆಯಲ್ಲಿ, ಅಷ್ಟೇ ಹೊತ್ತು, ಮೂಲ ಮುಚ್ಚಿಟ್ಟು ಕೂರಿಸಿ.

ಡೋಸ್ ಜಾಸ್ತಿಯಾದಷ್ಟೂ ಕ್ಯಾನ್ಸರ್ ಜಾಸ್ತಿ ಎಂದು ತಿಳಿಯಬೇಡಿ. ಸಿಬಿಎ ಇಲಿಯಲ್ಲಿ ಲ್ಯುಕೇಮಿಯಾ ಸುಮಾರು 3 ಗ್ರೇ ತನಕ ಏರಿ ಆಮೇಲೆ ಇಳಿಯುತ್ತದೆ. ಕ್ಯಾನ್ಸರ್ ಆಗಬೇಕಿದ್ದ ಕೋಶಗಳೇ ಸತ್ತುಹೋಗುತ್ತವೆ, ಅದಕ್ಕೆ. ಹೆಣ್ಣಿಲಿಯಲ್ಲಿ ಇನ್ನೊಂದು ಸಿಕ್ಕು. ಇಲಿಯ ಅಂಡಾಶಯ ವಿಕಿರಣಕ್ಕೆ ಬಹಳ ನಾಜೂಕು. ಅದು ಕೆಟ್ಟರೆ ಹಾರ್ಮೋನ್ ಏರುಪೇರಾಗಿ ಸ್ತನದ ಗಡ್ಡೆಯ ಲೆಕ್ಕವೂ ಬದಲಾಗುತ್ತದೆ, ಅಂಡಾಶಯದ್ದೇ ಗಡ್ಡೆಗಳೂ ಬರುತ್ತವೆ. ಸ್ತನ ಕ್ಯಾನ್ಸರ್ ನೋಡುವವರು ಇದನ್ನು ಎದುರಿಗೆ ಇಟ್ಟುಕೊಂಡೇ ಡೋಸ್ ಆರಿಸಬೇಕು.

ಹೆಜ್ಜೆ 5: ಎರಡು ವರ್ಷದ ಕಾವಲು

ಪೇಪರ್‌ನಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಈ ಭಾಗವೇ ನಿಜವಾದ ಪ್ರಯೋಗ. ದಿನಕ್ಕೆ ಎರಡು ಸಲ ಇಲಿ ನೋಡಬೇಕು. ಭಾನುವಾರವೂ, ದೀಪಾವಳಿಯಂದೂ. ವಾರಕ್ಕೊಮ್ಮೆ ತೂಕ, ವಾರಕ್ಕೊಮ್ಮೆ ಮೈ ತಡವಿ ಗಡ್ಡೆ ಇದೆಯಾ ಎಂದು ನೋಡುವುದು. ಗಂಡಿಲಿಗಳು ಜಗಳವಾಡಿ ಗಾಯ ಮಾಡಿಕೊಳ್ಳುತ್ತವೆ. ಮೊದಲಿನಿಂದಲೂ ಜೊತೆಗಿದ್ದ ಒಡಹುಟ್ಟುಗಳನ್ನೇ ಒಟ್ಟಿಗೆ ಇಟ್ಟರೆ ಜಗಳ ಕಡಿಮೆ.

ಆಹಾರವನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಸಿ3ಎಚ್ ಇಲಿಗಳಿಗೆ ವಿಕಿರಣ ಕೊಟ್ಟು ಆಹಾರದ ಕ್ಯಾಲರಿ ಕಡಿಮೆ ಮಾಡಿದಾಗ ಮೈಲಾಯ್ಡ್ ಲ್ಯುಕೇಮಿಯಾ ಗಣನೀಯವಾಗಿ ಇಳಿದದ್ದನ್ನು ಜಪಾನಿನ ಸಂಶೋಧಕರು 1997ರಲ್ಲಿ ವರದಿ ಮಾಡಿದರು. ಅಂದರೆ ಒಂದು ಕೋಣೆಯಲ್ಲಿ ಒಂದು ಕಂಪನಿಯ ಆಹಾರ, ಇನ್ನೊಂದರಲ್ಲಿ ಬೇರೆಯದು ಆದರೆ ಜೀನ್‌ನ ಪರಿಣಾಮ ಎಂದು ನೀವು ಅಂದುಕೊಂಡದ್ದು ಆಹಾರದ ಪರಿಣಾಮ ಆಗಿರಬಹುದು. ಇಲಿಗಳು ಒಂದರ ಹಿಕ್ಕೆ ಒಂದು ತಿನ್ನುತ್ತವೆ, ಹಾಗಾಗಿ ಕರುಳಿನ ಸೂಕ್ಷ್ಮಜೀವಿಗಳೂ ಪಂಜರದಿಂದ ಪಂಜರಕ್ಕೆ ಬೇರೆಯಾಗುತ್ತವೆ. ಒಂದೇ ತಳಿಯ ಇಲಿಗಳನ್ನು ಎರಡೇ ಪಂಜರದಲ್ಲಿ ತುಂಬದೆ ಹಲವು ಪಂಜರಗಳಿಗೆ ಹಂಚಿ.

ಯಾವಾಗ ಇಲಿಯನ್ನು ನೋವಿಲ್ಲದೆ ಕೊನೆಗೊಳಿಸಬೇಕು ಎಂಬುದನ್ನು ಮೊದಲೇ ಬರೆದಿಡಿ. ತೂಕ ಐದನೇ ಒಂದು ಭಾಗ ಇಳಿದರೆ, ಬೆನ್ನು ಬಾಗಿ ಕೂದಲು ಕೆದರಿದರೆ, ಉಸಿರಾಟಕ್ಕೆ ಕಷ್ಟಪಟ್ಟರೆ, ಕಿವಿ ಮತ್ತು ಪಾದ ಬಿಳಿಚಿಕೊಂಡರೆ. ಥೈಮಸ್ ಲಿಂಫೋಮಾದಲ್ಲಿ ಎದೆಯೊಳಗೆ ಗಡ್ಡೆ ಬೆಳೆದು ಶ್ವಾಸಕೋಶವನ್ನು ಒತ್ತುತ್ತದೆ, ಇಲಿ ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಒದ್ದಾಡಬಹುದು. ಅದನ್ನು ಒದ್ದಾಡಲು ಬಿಡಬಾರದು. ಕರುಣೆ ಒಂದು ಕಾರಣ, ಅದೇ ಮೊದಲನೆಯದು. ಎರಡನೆಯದು, ರಾತ್ರಿ ಸತ್ತ ಇಲಿಯ ಅಂಗಾಂಶ ಕೆಲವೇ ಗಂಟೆಯಲ್ಲಿ ಕೊಳೆಯುತ್ತದೆ, ಎಷ್ಟೋ ಸಲ ಪಂಜರದ ಜೊತೆಗಾರರು ತಿಂದೂ ಬಿಡುತ್ತವೆ. ನಾನು ಕೆಲಸ ಕಲಿತ ಒಂದು ಲ್ಯಾಬಿನಲ್ಲಿ ಸಾಲು ರಜೆ ಬಂದು ಮೂರು ದಿನ ಯಾರೂ ಸರಿಯಾಗಿ ನೋಡಿರಲಿಲ್ಲ. ಇಪ್ಪತ್ತು ತಿಂಗಳು ಸಾಕಿದ ಆರು ಇಲಿಗಳಿಂದ ಒಂದೇ ಒಂದು ಸ್ಲೈಡ್ ಸಿಗಲಿಲ್ಲ. ಆ ಆರು ಪಂಜರ ಕಾರ್ಡ್‌ಗಳು ಇವತ್ತಿಗೂ ನನ್ನ ಹತ್ತಿರ ಇವೆ.

ಹೆಜ್ಜೆ 6: ಕೊಯ್ದು ನೋಡುವಾಗ

ಗಡ್ಡೆ ಕಂಡ ಕಡೆ ಮಾತ್ರ ನೋಡಿ ಮುಗಿಸಬೇಡಿ. ಪ್ರತಿ ಇಲಿಯಲ್ಲೂ ಅದೇ ಪಟ್ಟಿ, ಅದೇ ಕ್ರಮ: ಥೈಮಸ್, ಶ್ವಾಸಕೋಶ, ಯಕೃತ್ತು, ಗುಲ್ಮ, ಮೂತ್ರಪಿಂಡ, ಅಂಡಾಶಯ, ಕರುಳು, ಸ್ತನಗ್ರಂಥಿ, ಕಣ್ಣಿನ ಹಿಂದಿನ ಹಾರ್ಡೇರಿಯನ್ ಗ್ರಂಥಿ, ಮೆದುಳು, ತೊಡೆಯೆಲುಬಿನ ಮಜ್ಜೆ. ಗುಲ್ಮವನ್ನು ತೂಗಿ. ಆರೋಗ್ಯವಂತ ಇಲಿಯಲ್ಲಿ 0.1 ಗ್ರಾಂ ಆಸುಪಾಸು ಇರುತ್ತದೆ, ರಕ್ತ ಕ್ಯಾನ್ಸರ್ ಬಂದಾಗ ಅದರ ಹಲವು ಪಟ್ಟು ಊದಿಕೊಳ್ಳುತ್ತದೆ. ಆದರೆ ಗುಲ್ಮ ಊದಿದೆ ಎಂದಾಕ್ಷಣ ಮೈಲಾಯ್ಡ್ ಲ್ಯುಕೇಮಿಯಾ ಎಂದು ಬರೆಯಬೇಡಿ. ಲಿಂಫೋಮಾ ಇರಬಹುದು, ಎಲ್ಲೋ ಸೋಂಕಾಗಿರಬಹುದು. ರಕ್ತದ ಲೇಪ ತೆಗೆದು ಗೀಮ್ಸಾ ಬಣ್ಣ ಹಾಕಿ ನೋಡಿ, ಆಗುವುದಾದರೆ ಕೋಶಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವ ಫ್ಲೋ ಸೈಟೋಮೆಟ್ರಿ ಮಾಡಿ.

ಪ್ರತಿ ಗಡ್ಡೆಯನ್ನೂ ಮೂರು ತುಂಡು ಮಾಡಿ. ಒಂದು ಫಾರ್ಮಲಿನ್‌ಗೆ, ಒಂದು ದ್ರವ ಸಾರಜನಕಕ್ಕೆ, ಮತ್ತೊಂದು ಆರ್‌ಎನ್‌ಎ ಉಳಿಸುವ ದ್ರಾವಣಕ್ಕೆ. ಜೊತೆಗೆ ಅದೇ ಇಲಿಯ ಬಾಲದ ತುಂಡು ಕಡ್ಡಾಯ. ಗಡ್ಡೆಯ ಡಿಎನ್‌ಎಯನ್ನು ಅದೇ ಇಲಿಯ ಸಹಜ ಡಿಎನ್‌ಎ ಜೊತೆ ಹೋಲಿಸದೆ ಮುಂದಿನ ಕೆಲಸ ಒಂದೂ ಆಗುವುದಿಲ್ಲ. ಸ್ಲೈಡ್ ನೋಡುವ ಪೆಥಾಲಜಿಸ್ಟ್‌ಗೆ ಯಾವ ಗುಂಪಿನ ಇಲಿ ಎಂದು ಹೇಳಬೇಡಿ.

ಹೆಜ್ಜೆ 7: ಶೇಕಡಾ ಲೆಕ್ಕಕ್ಕೆ ನಿಲ್ಲಬೇಡಿ

ಒಂದು ತಳಿಯ ಇಲಿಗಳು ಬೇರೆ ಕಾಯಿಲೆಯಿಂದ 14 ತಿಂಗಳಿಗೇ ಸಾಯುತ್ತವೆ, ಇನ್ನೊಂದು ತಳಿಯವು 26 ತಿಂಗಳು ಬದುಕುತ್ತವೆ ಎಂದುಕೊಳ್ಳಿ. ತಡವಾಗಿ ಬರುವ ಗಡ್ಡೆ ಎರಡನೆಯದರಲ್ಲೇ ಜಾಸ್ತಿ ಕಾಣುತ್ತದೆ ಅಲ್ವಾ? ಅದು ಜೀನ್‌ನ ಗುಣವಲ್ಲ, ಬದುಕಿದ್ದಕ್ಕೆ ಬಂದದ್ದು. ಹಾಗಾಗಿ ಬದುಕುಳಿದ ಕಾಲವನ್ನು ಹಿಡಿದು ಲೆಕ್ಕ ಹಾಕಬೇಕು. ದಿನ ಕಳೆದಂತೆ ಎಷ್ಟು ಇಲಿ ಉಳಿದವು ಎಂದು ತೋರಿಸುವ ಕ್ಯಾಪ್ಲನ್-ಮೇಯರ್ ರೇಖೆ, ಗುಂಪುಗಳ ಅಪಾಯ ಹೋಲಿಸುವ ಕಾಕ್ಸ್ ಮಾದರಿ, ಬೇರೆ ಕಾರಣದ ಸಾವನ್ನೂ ಸೇರಿಸುವ ಸ್ಪರ್ಧಾ ಅಪಾಯದ ವಿಶ್ಲೇಷಣೆ. ಇಲ್ಲಿಯ ಕ್ಯಾಪ್ಲನ್ ಸಂಖ್ಯಾಶಾಸ್ತ್ರದ ಎಡ್ವರ್ಡ್ ಕ್ಯಾಪ್ಲನ್, ಮೇಲೆ ಹೇಳಿದ ಹೆನ್ರಿ ಬೇರೆ.

ವಿಕಿರಣ ಕೊಡದ ಗುಂಪಿನ ಲೆಕ್ಕವನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಿ. ಸಿ3ಎಚ್ ಗಂಡಿಲಿಗೆ ಯಕೃತ್ತಿನ ಗಡ್ಡೆ ತಾನಾಗೇ ಬರುತ್ತದೆ. ಎ-ಜೆ ಇಲಿಗೆ ಶ್ವಾಸಕೋಶದ ಗಡ್ಡೆ. ಎಕೆಆರ್ ಇಲಿಗೆ ತನ್ನೊಳಗಿನ ವೈರಸ್‌ನಿಂದಲೇ ಥೈಮಸ್ ಲಿಂಫೋಮಾ. ವಿಕಿರಣದಿಂದ ಹೆಚ್ಚಾದದ್ದು ಎಷ್ಟು ಎಂಬುದೇ ನಿಮ್ಮ ಪ್ರಶ್ನೆ.

ಹೆಜ್ಜೆ 8: ಜೀನ್ ಇರುವ ಜಾಗ ಹುಡುಕಿ

ಎರಡು ತಳಿ ಬೇರೆ ಎಂದು ಖಾತ್ರಿಯಾದ ಮೇಲೆ ಕೂಡಿಸುವ ಕೆಲಸ. ಸೂಕ್ಷ್ಮ ಮತ್ತು ಗಟ್ಟಿ ತಳಿ ಕೂಡಿಸಿ ಮೊದಲ ತಲೆಮಾರು ತೆಗೆಯಿರಿ. ಅದರ ನಡವಳಿಕೆಯೇ ದೊಡ್ಡ ಸುಳಿವು. ಮರಿಗಳು ಗಟ್ಟಿಯಾಗಿದ್ದರೆ ಸೂಕ್ಷ್ಮತೆ ಅಡಗಿ ಬರುವ ಗುಣ ಎಂದರ್ಥ. ಆಗ ಆ ಮರಿಗಳನ್ನು ಮತ್ತೆ ಸೂಕ್ಷ್ಮ ತಳಿಯ ಜೊತೆ ಕೂಡಿಸಿ ನೂರಾರು ಇಲಿ ಪಡೆದು, ಎಲ್ಲದಕ್ಕೂ ವಿಕಿರಣ ಕೊಟ್ಟು, ಯಾವುದಕ್ಕೆ ಗಡ್ಡೆ ಬಂತು ಎಂಬುದನ್ನು ಅದರ ಡಿಎನ್‌ಎ ಗುರುತುಗಳ ಜೊತೆ ತಾಳೆ ನೋಡಬೇಕು. ಈಗ ಗಿಗಾಮುಗಾ ಎಂಬ ಚಿಪ್‌ನಲ್ಲಿ 1,40,000ಕ್ಕೂ ಹೆಚ್ಚು ಗುರುತುಗಳನ್ನು ಒಂದೇ ಸಲ ಓದಬಹುದು. ಲಾಡ್ ಅಂಕ (ಗುರುತಿಗೂ ಗಡ್ಡೆಗೂ ನಂಟು ಎಷ್ಟು ಬಲವಾಗಿದೆ ಎಂದು ಹೇಳುವ ಅಂಕಿ) ಇಷ್ಟು ಬಂದರೆ ಸಾಕು ಎಂದು ಪುಸ್ತಕದ ಅಂಕಿ ಹಿಡಿಯುವ ಬದಲು, ನಿಮ್ಮದೇ ದತ್ತಾಂಶವನ್ನು ಸಾವಿರ ಸಲ ಕಲಸಿ ಲೆಕ್ಕ ಹಾಕಿ ಮಿತಿ ಗೊತ್ತುಮಾಡಿ.

ಬರುವ ಉತ್ತರ ಒಂದು ಜೀನ್ ಆಗಿರುವುದಿಲ್ಲ. ಕ್ರೋಮೋಸೋಮ್‌ನ ಉದ್ದನೆಯ ತುಂಡು, ಅದರೊಳಗೆ ನೂರಾರು ಜೀನ್. ಎಷ್ಟೋ ಪಿಎಚ್‌ಡಿಗಳು ನಿಂತುಹೋಗುವುದು ಇಲ್ಲಿ. ತುಂಡು ಚಿಕ್ಕದಾಗಬೇಕಿದ್ದರೆ ಹಲವು ತಲೆಮಾರು ಬೆರೆತ ಇಲಿ ಬೇಕು. ಕೊಲರಾಡೋ ರಾಜ್ಯ ವಿಶ್ವವಿದ್ಯಾಲಯದವರು ಎಂಟು ತಳಿಗಳಿಂದ ಬೆರೆಸಿದ ಮಿಶ್ರ ಇಲಿಗಳನ್ನು, ಒಟ್ಟು 1,850, ತೆಗೆದುಕೊಂಡರು. ಕೆಲವಕ್ಕೆ 3 ಗ್ರೇ ಗಾಮಾ, ಕೆಲವಕ್ಕೆ ಬ್ರೂಕ್‌ಹೇವನ್‌ನ ನಾಸಾ ಪ್ರಯೋಗಾಲಯದಲ್ಲಿ 0.4 ಗ್ರೇ ಸಿಲಿಕಾನ್ ಅಥವಾ ಕಬ್ಬಿಣದ ಅಯಾನುಗಳು, ಬಾಹ್ಯಾಕಾಶದಲ್ಲಿ ಗಗನಯಾನಿಗಳಿಗೆ ತಾಗುವಂಥವು. 2020ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಗಾಮಾದಿಂದ ಗಡ್ಡೆ ಬರಿಸುವ ಜೀನ್ ಜಾಗಗಳೂ, ಭಾರ ಅಯಾನುಗಳಿಂದ ಬರಿಸುವ ಜಾಗಗಳೂ ಬಹಳಷ್ಟು ಒಂದರ ಮೇಲೊಂದು ಬಿದ್ದವು. ಆ ಎಂಟು ತಳಿಗಳಲ್ಲಿ ಬಾಲ್ಬ್-ಸಿ, ಸಿಬಿಎ, ಬ್ಲ್ಯಾಕ್ 6 ಮೂರೂ ಇದ್ದವು.

ಇನ್ನೊಂದು ದಾರಿ, ಕೋಶದ ನಡವಳಿಕೆಯಿಂದ ಜೀನ್ ಊಹಿಸುವುದು. ಬಾಲ್ಬ್-ಸಿ ಕತೆ ಹಾಗೇ ಬಿಚ್ಚಿಕೊಂಡಿತು. ರಾಬರ್ಟ್ ಉಲ್ರಿಚ್ ಮತ್ತು ಜೊತೆಗಾರರು 1990ರ ದಶಕದಲ್ಲಿ ಬಾಲ್ಬ್-ಸಿಯ ಸ್ತನಕೋಶಗಳಿಗೆ ವಿಕಿರಣ ಕೊಟ್ಟು ತಟ್ಟೆಯಲ್ಲಿ ಬೆಳೆಸಿದರು. ಹಲವು ಬಾರಿ ಒಡೆದು ಬೆಳೆದ ಮೇಲೂ ಹೊಸ ಹೊಸ ಕ್ರೋಮೋಸೋಮ್ ಮುರಿತಗಳು ಕಾಣುತ್ತಲೇ ಇದ್ದವು. ವಿಕಿರಣ ಯಾವತ್ತೋ ಮುಗಿದಿದೆ, ಕೋಶ ಮಾತ್ರ ಇನ್ನೂ ಮುರಿಯುತ್ತಿದೆ. ಬ್ಲ್ಯಾಕ್ 6 ಕೋಶಗಳಲ್ಲಿ ಹಾಗೆ ಆಗಲಿಲ್ಲ. ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಜೋಡಿಸುವ ಕೆಲಸದಲ್ಲಿ ಡಿಎನ್‌ಎ-ಪಿಕೆ ಎಂಬ ಕಿಣ್ವ ಮುಖ್ಯ. ಬಾಲ್ಬ್-ಸಿಯಲ್ಲಿ ಅದರ ಪ್ರಮಾಣವೂ ಕೆಲಸವೂ ಕಡಿಮೆ ಎಂದು ಗೊತ್ತಾಯಿತು. ಕಿಣ್ವದ ಜೀನ್ 16ನೇ ಕ್ರೋಮೋಸೋಮ್‌ನಲ್ಲಿರುವ ಪಿಆರ್‌ಕೆಡಿಸಿ. ಅದರಲ್ಲಿ ಪ್ರೋಟೀನಿನ ಅಮೈನೋ ಆಮ್ಲ ಬದಲಿಸುವ ಎರಡು ಡಿಎನ್‌ಎ ಅಕ್ಷರ ವ್ಯತ್ಯಾಸಗಳು ಬಾಲ್ಬ್-ಸಿಯಲ್ಲಿ ಸಿಕ್ಕಿದ್ದನ್ನು 2001ರಲ್ಲಿ ವರದಿ ಮಾಡಿದರು. ರೋಗನಿರೋಧಕ ಶಕ್ತಿಯೇ ಇಲ್ಲದ ಸ್ಕಿಡ್ ಇಲಿ ಕೇಳಿದ್ದೀರಲ್ಲ, ಅದು ಇದೇ ಜೀನ್ ಪೂರ್ತಿ ಕೆಟ್ಟ ರೂಪ. ಬಾಲ್ಬ್-ಸಿಯದ್ದು ಅರೆಬರೆ ಕೆಟ್ಟದ್ದು, ಹಾಗಾಗಿ ಅಷ್ಟು ಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

ಹೆಜ್ಜೆ 9: ಅದೇ ಜೀನ್ ಎಂದು ಸಾಬೀತು ಮಾಡಿ, ಯಾವ ಅಂಗಾಂಶದಲ್ಲಿ ಎಂದೂ ಕೇಳಿ

ಒಂದು ತಳಿಯ ತುಂಡನ್ನು ಇನ್ನೊಂದಕ್ಕೆ ಸೇರಿಸಿದ ಕಾಂಜೆನಿಕ್ ಇಲಿ ಮಾಡಿ. ಹತ್ತು ತಲೆಮಾರು ಬೇಕು, ಗುರುತು ನೋಡಿ ಮರಿ ಆರಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಡಿಎನ್‌ಎ ತಿದ್ದುವ ತಂತ್ರವಾದ ಕ್ರಿಸ್ಪರ್‌ನಿಂದ ಒಂದೇ ಅಕ್ಷರ ಬದಲಿಸುವುದು ಈಗ ಇನ್ನೂ ನೇರವಾದ ದಾರಿ.

ಅಷ್ಟಕ್ಕೆ ನಿಲ್ಲಬೇಡಿ. ಜೀನ್‌ನ ಪರಿಣಾಮ ಗಡ್ಡೆಯಾಗುವ ಕೋಶದಲ್ಲೇ ಇದೆಯಾ, ಸುತ್ತಲಿನ ಮೈಯಲ್ಲಿದೆಯಾ? ಈ ಪ್ರಶ್ನೆ ಹಳೆಯದು, ಉತ್ತರ ಬೆರಗು ಹುಟ್ಟಿಸುವಂಥದ್ದು. ಹೆನ್ರಿ ಕ್ಯಾಪ್ಲನ್ ತಂಡ ಇಲಿಯ ಥೈಮಸ್ ತೆಗೆದು, ವಿಕಿರಣ ಕೊಟ್ಟು, ಆಮೇಲೆ ವಿಕಿರಣವೇ ತಾಗದ ಬೇರೆ ಇಲಿಯ ಥೈಮಸ್ ನೆಟ್ಟಿತು. ಲಿಂಫೋಮಾ ಬಂತು, ಅದೂ ನೆಟ್ಟ ಥೈಮಸ್‌ನ ಕೋಶಗಳಿಂದಲೇ! ವಿಕಿರಣ ಕೊಡುವಾಗ ಒಂದು ತೊಡೆಯನ್ನು ಸೀಸದಿಂದ ಮುಚ್ಚಿ ಅಲ್ಲಿಯ ಮಜ್ಜೆ ಉಳಿಸಿದರೆ ಲಿಂಫೋಮಾ ಬಹಳ ಕಡಿಮೆಯಾಗುತ್ತಿತ್ತು. ಮೇರಿ ಹೆಲೆನ್ ಬಾರ್ಸೆಲೋಸ್-ಹಾಫ್ ತಂಡವೂ 2011ರಲ್ಲಿ ಇಂಥದ್ದನ್ನೇ ಸ್ತನದಲ್ಲಿ ತೋರಿಸಿತು. ವಿಕಿರಣ ಪಡೆದ ಬಾಲ್ಬ್-ಸಿ ಇಲಿಗೆ, ವಿಕಿರಣ ತಾಗದ ಕ್ಯಾನ್ಸರ್ ತಡೆಯುವ ಪಿ53 ಜೀನ್ ಇಲ್ಲದ ಸ್ತನ ಅಂಗಾಂಶ ನೆಟ್ಟಾಗ ಗಡ್ಡೆ ಬೇಗ ಬಂತು. ನಿಮ್ಮ ಜೀನ್ ಯಾವ ಬದಿಯಲ್ಲಿ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಸೂಕ್ಷ್ಮ ತಳಿಯಿಂದ ಗಟ್ಟಿ ತಳಿಗೆ, ಗಟ್ಟಿಯಿಂದ ಸೂಕ್ಷ್ಮಕ್ಕೆ, ಎರಡೂ ದಿಕ್ಕಿನಲ್ಲಿ ನೆಟ್ಟು ನೋಡಬೇಕು. ನೆಟ್ಟ ಅಂಗಾಂಶವನ್ನು ಇಲಿಯ ಮೈ ತಿರಸ್ಕರಿಸದಂತೆ ಕಾಂಜೆನಿಕ್ ಇಲ್ಲವೇ ಮೊದಲ ತಲೆಮಾರಿನ ಮಿಶ್ರ ಇಲಿಗಳನ್ನು ಬಳಸಿ.

ಹೆಜ್ಜೆ 10: ಗಡ್ಡೆಯ ಡಿಎನ್‌ಎ ಓದಿ

ಫ್ರೀಜರ್‌ನಲ್ಲಿಟ್ಟ ತುಂಡು ಈಗ ಕೆಲಸಕ್ಕೆ ಬರುತ್ತದೆ. ಸಿಬಿಎ ಲ್ಯುಕೇಮಿಯಾದಲ್ಲಿ 2ನೇ ಕ್ರೋಮೋಸೋಮ್‌ನ ಒಂದು ಪ್ರತಿಯಲ್ಲಿ ತುಂಡೊಂದು ಬಿದ್ದುಹೋಗಿರುತ್ತದೆ, ಅದರ ಜೊತೆ ರಕ್ತಕೋಶಗಳ ಬೆಳವಣಿಗೆ ನಿಯಂತ್ರಿಸುವ ಪಿಯು.1 ಎಂಬ ಜೀನೂ. ಉಳಿದ ಇನ್ನೊಂದು ಪ್ರತಿಯಲ್ಲಿ 235ನೇ ಅಮೈನೋ ಆಮ್ಲದ ಜಾಗದಲ್ಲಿ, ಪ್ರೋಟೀನು ಡಿಎನ್‌ಎಯನ್ನು ಹಿಡಿದುಕೊಳ್ಳುವ ಭಾಗದಲ್ಲೇ, ಅಕ್ಷರ ತಪ್ಪು ಸಿಗುತ್ತದೆ. ಮೊದಲ ಪೆಟ್ಟು ವಿಕಿರಣದ್ದು, ಎರಡನೆಯದು ಆಮೇಲೆ ಬಂದದ್ದು.

ವಿಕಿರಣದಿಂದ ಬಂದ ಗಡ್ಡೆ ಯಾವುದು, ತಾನಾಗಿ ಬಂದದ್ದು ಯಾವುದು ಎಂದು ಬೇರ್ಪಡಿಸಲು ಜಪಾನಿನ ಚೀಬಾದ ಸಂಶೋಧಕರು ಒಂದು ಚಂದದ ಉಪಾಯ ಹೂಡಿದರು. ಪ್ಯಾಚ್ಡ್-1 ಇಲಿಯನ್ನು ಬ್ಲ್ಯಾಕ್ 6 ಮತ್ತು ಸಿ3ಎಚ್ ಮಿಶ್ರಣದಲ್ಲಿ ತೆಗೆದರು. ಎರಡು ಕಡೆಯ, ಪ್ಯಾಚ್ಡ್-1 ಜೀನ್ ಇರುವ, 13ನೇ ಕ್ರೋಮೋಸೋಮ್‌ಗೂ ಬೇರೆ ಬೇರೆ ಗುರುತು, ಹಾಗಾಗಿ ಯಾವುದು ಎಷ್ಟು ಕಳೆದುಹೋಯಿತು ಎಂದು ಓದಬಹುದು. ತಾನಾಗಿ ಬಂದ ಗಡ್ಡೆಗಳಲ್ಲಿ ನಷ್ಟ ಕ್ರೋಮೋಸೋಮ್‌ನ ತುದಿಯವರೆಗೂ ಹೋಗಿತ್ತು. ವಿಕಿರಣದವುಗಳಲ್ಲಿ ಮಧ್ಯದ ಒಂದು ತುಂಡು ಮಾತ್ರ ಕತ್ತರಿಸಿ ತೆಗೆದ ಹಾಗೆ ಇತ್ತು. ಇಂಥ ಗುರುತು ಸಿಕ್ಕರೆ ಕಡಿಮೆ ಡೋಸ್‌ನಲ್ಲೂ ಕಡಿಮೆ ಇಲಿ ಬಳಸಿ ಉತ್ತರ ಪಡೆಯಬಹುದು. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಭರವಸೆ ಇರುವ ದಾರಿ ಇದು.

ಹೆಜ್ಜೆ 11: ಮನುಷ್ಯರ ಬಗ್ಗೆ ಬರೆಯುವಾಗ

ಪ್ಯಾಚ್ಡ್-1 ದೋಷವಿರುವ ಮಕ್ಕಳಿಗೆ ಮೆದುಳಿನ ಗಡ್ಡೆಗೆ ರೇಡಿಯೋಥೆರಪಿ ಕೊಟ್ಟರೆ, ವಿಕಿರಣ ಬಿದ್ದ ಚರ್ಮದ ಮೇಲೆ ಬೇಸಲ್ ಸೆಲ್ ಕ್ಯಾನ್ಸರ್‌ಗಳು ಬೇಗನೆ ಎದ್ದೇಳುತ್ತವೆ. ಇದು ವೈದ್ಯರಿಗೆ ಗೊತ್ತಿರುವ ವಿಷಯ, ಇಲಿಯ ಮಾದರಿ ಇಲ್ಲಿ ನೇರವಾಗಿ ಹೊಂದುತ್ತದೆ. ಆದರೆ ಬಾಲ್ಬ್-ಸಿಯ ಅಕ್ಷರ ವ್ಯತ್ಯಾಸ ಇಲಿಯದ್ದು, ಅದನ್ನು ಹಿಡಿದು "ಮ್ಯಾಮೊಗ್ರಾಂ ಮಾಡಿಸಬೇಡಿ" ಎಂದು ಯಾರಿಗೂ ಹೇಳಬೇಡಿ. ಪೇಪರ್‌ನಲ್ಲಿ ಡೋಸ್, ವಯಸ್ಸು, ಅಂಗ, ಉಪತಳಿ ನಾಲ್ಕನ್ನೂ ಶೀರ್ಷಿಕೆಯ ಹತ್ತಿರದಲ್ಲೇ ಬರೆಯಿರಿ.

ಹೆಜ್ಜೆ 12: ಎತ್ತಿಡುವುದು

ಜೇನಸ್ ಪ್ರಯೋಗ ನಿಂತು ದಶಕಗಳಾದವು. ಅದರ ಪ್ಯಾರಾಫಿನ್ ಬ್ಲಾಕ್‌ಗಳು ಈಗ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿವೆ, ಆ ಕಾಲದಲ್ಲಿ ಯಾರೂ ಕೇಳದ ಪ್ರಶ್ನೆಗಳಿಗೆ ಅವುಗಳ ಡಿಎನ್‌ಎಯಲ್ಲಿ ಉತ್ತರ ಹುಡುಕುತ್ತಿದ್ದಾರೆ. ನಿಮ್ಮ ಬ್ಲಾಕ್‌ಗಳನ್ನೂ ಹಾಗೇ ಎತ್ತಿಡಿ, ಜೊತೆಗೆ ಇಲಿ ಸಂಖ್ಯೆ, ಉಪತಳಿ, ಹುಟ್ಟಿದ ದಿನ, ಡೋಸ್ ಕೊಟ್ಟ ದಿನ, ಪಂಜರ ಸಂಖ್ಯೆ ಇರುವ ಕಾಗದದ ಪ್ರತಿ ಒಂದು ಇರಲಿ. ಸ್ಲೈಡ್ ಮತ್ತು ಕ್ಯಾಸೆಟ್ ಮೇಲೆ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಮಾಮೂಲಿ ಪೆನ್ನಿನ ಶಾಯಿ ಆಲ್ಕೋಹಾಲ್ ಮತ್ತು ಝೈಲೀನ್‌ನಲ್ಲಿ ತೊಳೆದುಹೋಗುತ್ತದೆ.